ಕಿಷ್ಕಿಂಧೆಗೆ ಪಿನ್ ಕೋಡ್ ಇಲ್ಲ

ಅಪ್ಪ ಹೋದ ಮೇಲೆ ಅವರ ಅಂಗಿ ನನ್ನ ಹೊಟ್ಟೆಗೆ ಸಾಲಲಿಲ್ಲ, ಚಪ್ಪಲಿ ಕಾಲಿಗೆ ದೊಡ್ಡದಾಯಿತು. ಕನ್ನಡಕ ಹಾಕಿ ನೋಡಿದೆ, ಅಂಗಳದ ತುಳಸಿಕಟ್ಟೆ ಎರಡಾಗಿ ಕಂಡಿತು. ಕೈಗಡಿಯಾರ ತಮ್ಮನ ಪಾಲಾಯಿತು, ಟಾರ್ಚು ಅಕ್ಕನ ಮಗನ ಪಾಲಾಯಿತು. ಯಾರೂ ಕೇಳದೆ ಉಳಿದದ್ದು ವಾಲಿ. ಅದು ಹಿರಿಮಗನಾದ ನನಗೇ ಸೇರತಕ್ಕದ್ದೆಂದು ನಾನೇ ತೀರ್ಮಾನ ಮಾಡಿಕೊಂಡೆ. ಊರಿನವರ ಅಭಿಪ್ರಾಯ ಕೇಳುವ ಅಗತ್ಯ ಕಾಣಲಿಲ್ಲ.

ಅಪ್ಪ ಪುತ್ತೂರಿಗೂ ವಿಟ್ಲಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್ ಮಾಸ್ಟರ್. ಹೊಟ್ಟೆಪಾಡಿಗೆ ಅಡಿಕೆ ತೋಟ, ಗೌರವಕ್ಕೆ ಅಂಚೆ, ಜೀವಕ್ಕೆ ತಾಳಮದ್ದಳೆ. ಘಟ್ಟದ ಮೇಲಿನವರಿಗೆ ಹೇಳುವುದಾದರೆ, ತಾಳಮದ್ದಳೆ ಅಂದರೆ ಬಣ್ಣ, ಕಿರೀಟ, ಕುಣಿತ ಒಂದೂ ಇಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಪಂಚೆ ಶಾಲಿನಲ್ಲೇ ರಾಮನೋ ರಾವಣನೋ ಆಗಿ, ಆ ಪದ್ಯದ ಅರ್ಥ ಹೇಳುತ್ತಾ ಹೇಳುತ್ತಾ ಜಗಳಕ್ಕೆ ನಿಲ್ಲುತ್ತಾರೆ. ಬರೆದಿಟ್ಟ ಮಾತು ಇಲ್ಲ. ಇದಿರು ಕೂತವ ಏನು ಕೇಳುತ್ತಾನೆಂದು ಬ್ರಹ್ಮನಿಗೂ ಗೊತ್ತಿಲ್ಲ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ಸುಮಾರಿಗೆ. ಅಲ್ಲಿವರೆಗೆ, ಹೊರಗೆ ಮಳೆ ಹೊಯ್ಯುವ ಕಾಲದಲ್ಲಿ, ನಮ್ಮ ಕಡೆಯ ಜನ ಹೀಗೆ ಚಾವಡಿಯಲ್ಲಿ ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ.

ಅಪ್ಪನ ವಾಲಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಎಲ್ಲಿದೆಯೆಂದು ತಿಳಿದರೂ ಸೈಕಲ್ ತುಳಿದು ಹೋಗಿ ಕೇಳಿ ಬಂದವರು ಅವರು. ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಟೇಪು ಒಳಗೆ ಸುತ್ತಿಕೊಂಡಾಗ ಪೆನ್ಸಿಲ್ ತೂರಿಸಿ ತಿರುಗಿಸುವ ಕೆಲಸ ನನ್ನದು. ಯಕ್ಷಗಾನಕ್ಕೆ ನಾನು ಸಲ್ಲಿಸಿದ ಸೇವೆ ಅಷ್ಟೇ.

ಅಂಚೆ ಕಚೇರಿ ನಮ್ಮ ಮನೆಯ ಜಗಲಿಯಲ್ಲೇ ಇತ್ತು. ಒಂದು ಮೇಜು, ಮಸಿಯ ಪ್ಯಾಡು, ಮರದ ಹಿಡಿಯ ತಾರೀಕಿನ ಮುದ್ರೆ. ಅಪ್ಪ ಕಾಗದಗಳಿಗೆ ಮುದ್ರೆ ಒತ್ತುತ್ತಲೇ ವಾಲಿಯ ಅಭ್ಯಾಸ ಮಾಡುತ್ತಿದ್ದರು.

“ರಾಮಾ, ನಿನಗೂ ನನಗೂ ಹಿಂದಿನ ವೈರ ಏನಾದರೂ ಇತ್ತೇ?” ಠಪ್.

“ನಿನ್ನ ಅಯೋಧ್ಯೆಗೆ ನಾನು ದಂಡೆತ್ತಿ ಬಂದಿದ್ದೆನೇ?” ಠಪ್.

“ಮತ್ತೆ ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ?” ಠಪ್, ಠಪ್.

ಈ ಕೊನೆಯ ಪ್ರಶ್ನೆಗೆ ಮೇಜಿನ ಆಚೆ ಯಾರು ನಿಂತಿದ್ದಾರೋ ಅವರೇ ರಾಮನ ಪರವಾಗಿ ಉತ್ತರ ಕೊಡಬೇಕು. ಒಮ್ಮೆ ಕೆಳಗಿನ ಮನೆಯ ಅಜ್ಜಿ ಸಿಕ್ಕಿಬಿದ್ದರು. “ಅದು ನನಗೆಂತ ಗೊತ್ತುಂಟು ಮಾಷ್ಟ್ರೇ? ನನ್ನ ಮಗ ಬಾಂಬೆಯಿಂದ ಹಣ ಕಳಿಸಿದ್ದಾನಾ ಇಲ್ಲವಾ, ಅದನ್ನು ಹೇಳಿ” ಎಂದರು. ಅಪ್ಪ ವಾಲಿಯಿಂದ ಕೆಳಗಿಳಿದು, ಮನಿಯಾರ್ಡರಿನ ನೋಟು ಎರಡೆರಡು ಸಲ ಎಣಿಸಿ, ಹೆಬ್ಬೆಟ್ಟು ಒತ್ತಿಸಿ, ಚೀಟಿಯಲ್ಲಿ ಮಗ ಬರೆದ ಎರಡು ಸಾಲನ್ನು ಓದಿ ಹೇಳಿದರು. ಆ ಎರಡು ಸಾಲಿಗೆ ತಮ್ಮದೊಂದು ನಾಲ್ಕು ಸಾಲು ಸೇರಿಸಿಯೇ ಓದುತ್ತಿದ್ದರೆಂದು ನನಗೆ ಬಹಳ ಕಾಲದ ಮೇಲೆ ಗೊತ್ತಾಯಿತು. ‘ಹಣ ಕಳಿಸಿದ್ದೇನೆ’ ಎಂದಷ್ಟೇ ಬರೆದ ಮಗ, ಅಪ್ಪನ ಬಾಯಲ್ಲಿ ‘ಅಮ್ಮನ ಕಾಲುನೋವು ಹೇಗುಂಟು, ಎಣ್ಣೆ ತಿಕ್ಕುತ್ತಾಳಾ’ ಎಂದೂ ವಿಚಾರಿಸುತ್ತಿದ್ದ. ಅರ್ಥಧಾರಿಗಳನ್ನು ಅಂಚೆ ಇಲಾಖೆಗೆ ಸೇರಿಸಿಕೊಂಡರೆ ಹೀಗೆಯೇ ಆಗುವುದು.

ಅವರು ಕೆಲಸಕ್ಕೆ ಸೇರಿದ ವರ್ಷವೇ, 1972ರ ಆಗಸ್ಟ್ 15ರಂದು, ಪಿನ್ ಕೋಡ್ ಜಾರಿಗೆ ಬಂತು. ಹಾಗಾಗಿ ಅದರ ಮೇಲೆ ಅಪ್ಪನಿಗೆ ಒಡಹುಟ್ಟಿದ ಮಮತೆ. ನಾನು ಬೆಂಗಳೂರಿಗೆ ಹೋದ ಹೊಸತರಲ್ಲಿ ಅವರ ಕಾಗದ ಶುರುವಾಗುತ್ತಿದ್ದದ್ದೇ ಹೀಗೆ: “ಚಿರಂಜೀವಿಗೆ ಆಶೀರ್ವಾದ. ಹಿಂದಿನ ಕಾಗದದಲ್ಲಿ ಪಿನ್ ಕೋಡಿನ ಕೊನೆಯ ಅಂಕೆ ತಪ್ಪಾಗಿದೆ.” ಈ ವಿಳಾಸದ ಹುಚ್ಚು ಅವರ ವಾಲಿಗೂ ಹತ್ತಿತ್ತು. ಎದೆಗೆ ನಾಟಿದ ಬಾಣದಲ್ಲಿ ರಾಮನ ಹೆಸರು ಓದುವ ಸಂದರ್ಭ ಉಂಟಲ್ಲ, ಅಲ್ಲಿ ಅಪ್ಪ ಎತ್ತುತ್ತಿದ್ದ ಪ್ರಶ್ನೆ ಬೇರೆ ಯಾವ ವಾಲಿಯೂ ಎತ್ತಿರಲಾರ. “ರಾಮಾ, ಬಾಣದಲ್ಲಿ ಕಳುಹಿಸಿದವನ ಹೆಸರುಂಟು, ವಿಳಾಸವಿಲ್ಲ. ಹಿಂದಿರುಗಿಸುವುದಾದರೆ ಎಲ್ಲಿಗೆ ಕಳುಹಿಸಲಿ? ಅಯೋಧ್ಯೆಗೋ? ಅಲ್ಲಿ ನೀನಿಲ್ಲ. ಪಂಚವಟಿಗೋ? ಅಲ್ಲಿ ನಿನ್ನ ಮಡದಿಯಿಲ್ಲ. ನೀನೀಗ ಯಾವ ಊರಿನವ?” ಇಷ್ಟು ಹೇಳಿ ಚೆಂಬೆತ್ತಿ ನಿಧಾನಕ್ಕೆ ನೀರು ಕುಡಿಯುತ್ತಿದ್ದರು. ಆ ಚೆಂಬು ಕೆಳಗಿಳಿಯುವವರೆಗೆ ರಾಮನಿಗೆ ಏನೂ ಹೊಳೆಯುತ್ತಿರಲಿಲ್ಲ. ರಾಮ ಎಂದರೆ ಪಕ್ಕದ ಊರಿನ ಹೆಡ್ಮಾಷ್ಟ್ರು. ವರ್ಷಗಟ್ಟಲೆ ಅಪ್ಪನ ಇದಿರು ಕೂತು, ಧರ್ಮಸೂಕ್ಷ್ಮದ ಬಗ್ಗೆ ಅರ್ಧ ಗಂಟೆ ಮಾತಾಡಿ, ಆ ಒಂದು ಪ್ರಶ್ನೆಯನ್ನು ಮಾತ್ರ ಪ್ರತಿ ಸಲವೂ ಹಾರಿಸಿ ಮುಂದೆ ಹೋದವರು.

2013ರ ಜುಲೈಯಲ್ಲಿ ತಂತಿ ಸೇವೆ ನಿಂತಾಗ ಅಪ್ಪ, “ಇನ್ನು ಸಾವಿನ ಸುದ್ದಿಗೆ ಮರ್ಯಾದೆ ಇಲ್ಲ” ಎಂದಿದ್ದರು. ಆ ಮಾತಿನಂತೆಯೇ ಅವರದ್ದು ವಾಟ್ಸಾಪಿನಲ್ಲಿ ಹೋಯಿತು. ಎಂಬತ್ತು ದಾಟಿದ್ದರು. ಊಟ ಮಾಡಿ ಮಲಗಿದವರು ಏಳಲಿಲ್ಲ. ಗುಂಪಿನಲ್ಲಿ ಸಾಲಾಗಿ ‘ಓಂ ಶಾಂತಿ’ ಬಿತ್ತು, ನಡುವೆ ಒಬ್ಬರು ಹೆಬ್ಬೆರಳು ಎತ್ತಿ ತೋರಿಸಿದ್ದರು. ಪಾಪ, ಅಪ್ಪನ ಹಳೆಯ ಗಿರಾಕಿಯೇ ಇರಬೇಕು. ಹೆಬ್ಬೆಟ್ಟು ಒತ್ತಿ ಅಭ್ಯಾಸ.

ವರ್ಷಾಂತದ ಹೊತ್ತಿಗೆ ಯಕ್ಷಗಾನ ಸಂಘದ ಅಧ್ಯಕ್ಷರು ಬಂದು, ಪೋಸ್ಟ್ ಮಾಷ್ಟ್ರ ನೆನಪಿಗೆ ಒಂದು ‘ವಾಲಿ ಸಂಹಾರ’ ಮಾಡುವ ಅಂದರು. ಊಟದ ಖರ್ಚು ನನ್ನದು, ಚಪ್ಪರ ಸಂಘದ್ದು.

“ವಾಲಿ ನಾನು ಮಾಡ್ತೇನೆ” ಎಂದೆ.

ಅಧ್ಯಕ್ಷರು ಕಾಫಿ ಲೋಟ ಕೆಳಗಿಟ್ಟರು. ನನ್ನ ಮುಖ ನೋಡಿದರು. ಆಮೇಲೆ ಗೋಡೆಯಲ್ಲಿದ್ದ ಅಪ್ಪನ ಪಟ ನೋಡಿದರು. ಯಾರಲ್ಲಿ ಕ್ಷಮೆ ಕೇಳುತ್ತಿದ್ದರೋ ತಿಳಿಯಲಿಲ್ಲ.

“ನೀವು ಬೆಂಗಳೂರಲ್ಲಿ ಎಂತ ಕೆಲಸ ಮಾಡುವುದು?”

“ಸಾಫ್ಟ್‌ವೇರ್ ಟೆಸ್ಟಿಂಗ್. ತಪ್ಪು ಹುಡುಕುವುದು.”

“ಓ. ಹಾಗಾದರೆ ಅದು ನಮ್ಮ ಪ್ರೇಕ್ಷಕರ ಕೆಲಸ” ಅಂದು ಯೋಚಿಸಿದರು. “ವಾಲಿ ಹೆಡ್ಮಾಷ್ಟ್ರೇ ಮಾಡ್ತೇನೆ ಹೇಳಿದ್ದಾರೆ. ರಾಮ ಪುತ್ತೂರಿನ ವಕೀಲರು. ಸುಗ್ರೀವ ನಿಮ್ಮ ದೊಡ್ಡಪ್ಪನ ಮಗನೇ. ತಾರೆ ಉಂಟು. ಮೂರು ಪದ್ಯ, ಹದಿನೈದು ನಿಮಿಷ. ವಾಲಿಯ ಹೆಂಡತಿ ಅಂದರೆ ವಾಲಿಗೆ ಹತ್ತಿರವೇ ಆಯಿತಲ್ಲ.”

ಮರೆಯಲ್ಲಿ ನಿಂತು ಹೊಡೆದದ್ದನ್ನು ಸಮರ್ಥಿಸಲು ವಕೀಲರನ್ನೇ ಹಿಡಿದದ್ದು ಒಳ್ಳೆಯ ಏರ್ಪಾಡು ಅನ್ನಿಸಿತು. ನನ್ನ ಪಾತ್ರದ ಬಗ್ಗೆ ಹಾಗೆ ಅನ್ನಿಸಲಿಲ್ಲ. ಆದರೂ ಒಪ್ಪಿದೆ. ಹಾಗೆ ನೋಡಿದರೆ ತಾರೆ ಸಾಮಾನ್ಯಳಲ್ಲ. ಪಂಚಕನ್ಯೆಯರಲ್ಲಿ ಒಬ್ಬಳು. ಒಮ್ಮೆ ಸೋತು ಓಡಿದ ಸುಗ್ರೀವ ಮತ್ತೆ ಬಂದು ಕೂಗುತ್ತಿದ್ದಾನೆಂದರೆ ಹಿಂದೆ ಯಾರೋ ಇದ್ದಾರೆ, ಹೋಗಬೇಡ ಎಂದು ವಾಲಿಗೆ ಹೇಳುವವಳು ಅವಳೇ. ಅಯೋಧ್ಯೆಯ ರಾಜಕುಮಾರರು ಸುಗ್ರೀವನ ಸ್ನೇಹ ಮಾಡಿದ ವಿಷಯ ಗೂಢಚಾರರಿಂದ ಅಂಗದನಿಗೆ, ಅಂಗದನಿಂದ ಅವಳಿಗೆ ತಿಳಿದಿತ್ತು. ಇಡೀ ಕಿಷ್ಕಿಂಧೆಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅವಳೊಬ್ಬಳಿಗೇ. ಅದಕ್ಕೇ ಅವಳ ಮಾತನ್ನು ಯಾರೂ ಕೇಳಲಿಲ್ಲ.

ರಜೆ ಹಾಕಿ ಊರಿಗೆ ಬಂದು ತಯಾರಿಗೆ ಕೂತೆ. ಲ್ಯಾಪ್‌ಟಾಪಿನಲ್ಲಿ ಒಂದು ಕೋಷ್ಟಕವನ್ನೇ ಮಾಡಿದೆ: ವಾಲಿ ಹೀಗೆ ಕೇಳಿದರೆ ಹೀಗೆ, ಹಾಗೆ ಕೇಳಿದರೆ ಹಾಗೆ. ತಾರೆಯ ತಂದೆ ಸುಷೇಣ ಎಂಬುದನ್ನು ಹಳದಿ ಬಣ್ಣದಲ್ಲಿ ಗುರುತು ಮಾಡಿದೆ. ಅಮ್ಮ ಬಾಳೆಕಾಯಿ ಹೆಚ್ಚುತ್ತಾ ಕೇಳುತ್ತಿದ್ದವಳು, ನಾನು “ಹೇ ಪ್ರಾಣಕಾಂತಾ, ಕಪಿಕುಲಾವತಂಸಾ” ಎಂದು ಎರಡನೇ ಸಲ ಎತ್ತುವಾಗ ಕತ್ತಿ ನಿಲ್ಲಿಸಿದಳು.

“ಹಾಗೆಲ್ಲ ಕರೆದರೆ ಯಾವ ಗಂಡನೂ ನಿಲ್ಲುವುದಿಲ್ಲ ಮಗಾ.”

“ಮತ್ತೆ ಹೇಗೆ ಹೇಳುವುದು?”

“ಹೋಗ್ಬೇಡಿ ಅಂತ ಹೇಳುವುದು. ಇಷ್ಟು ವರ್ಷ ನಾನು ಹೇಳಲಿಲ್ಲವಾ? ಇಂಥ ಮಳೆಯಲ್ಲಿ ಅರ್ಥ ಹೇಳ್ಲಿಕ್ಕೆ ಹೋಗ್ಬೇಡಿ ಅಂತ. ಹೋದರೆ ಹೋಗಿ, ಕೊಡೆ ಆದರೂ ತೆಗೊಂಡು ಹೋಗಿ ಅಂತ.”

“ಅಪ್ಪ ಎಂತ ಹೇಳ್ತಿದ್ದರು?”

“ಎಂತ ಹೇಳುವುದು? ಹೋಗ್ತಿದ್ದರು. ಬರುವಾಗ ಕೊಡೆ ಬಸ್ಸಿನಲ್ಲಿ ಬಿಟ್ಟು ಬರ್ತಿದ್ದರು.”

ಊರಿನ ಅರ್ಧದಷ್ಟು ಅರ್ಥಧಾರಿಗಳ ಬಾಯಿ ಮುಚ್ಚಿಸಿದ ವಾಲಿ ನಮ್ಮ ಮನೆಯೊಳಗೆ ಹೀಗೆ ಮೂಕನಾಗಿ ಮೆಟ್ಟಿಲಿಳಿಯುವುದನ್ನು ನಾನೇ ನೋಡಿ ಬೆಳೆದವನು. ತಾರೆಯ ಪಾತ್ರ ಕಲಿಯಲು ಅಡುಗೆಮನೆಗಿಂತ ದೊಡ್ಡ ಪಾಠಶಾಲೆ ಬೇಕಿರಲಿಲ್ಲ. ಆದರೆ ಓದಿದವರ ಹಣೆಬರಹ ನೋಡಿ, ನಾನು ಮತ್ತೆ ಕೋಷ್ಟಕಕ್ಕೇ ಹೋದೆ. ಮುಖ್ಯ ಅಂಶಗಳನ್ನು ಒಂದು ಚೀಟಿಯಲ್ಲಿ ಬರೆದು ಶಾಲಿನ ಮಡಿಕೆಯಲ್ಲಿ ಇಟ್ಟುಕೊಂಡೆ.

ಆ ದಿನ ಆಟಿಯ ಮಳೆ ತನ್ನ ಪ್ರತಾಪವನ್ನೆಲ್ಲ ಅಂಗಳದ ತಗಡಿನ ಚಪ್ಪರದ ಮೇಲೆ ತೋರಿಸುತ್ತಿತ್ತು. ಕೊಳೆರೋಗದ ಭಯ, ಎರಡನೇ ಸಲ ಮದ್ದು ಬಿಡಲು ಬಿಸಿಲಿಲ್ಲ ಎಂಬ ಚಿಂತೆ, ಅಡಿಕೆಯ ರೇಟು, ಇವೆಲ್ಲ ಮುಗಿದು ಜನ ಕುರ್ಚಿಗಳಲ್ಲಿ ನೆಲೆ ನಿಂತರು. ಮೈಕಿನವನಿಗೆ ಸ್ಟ್ಯಾಂಡು ಅಲುಗಾಡುವುದು ಕಂಡಿತು. ಅವನು ಸುತ್ತ ನೋಡಿ, ನನ್ನ ಶಾಲಿನಿಂದ ಜಾರಿ ಬಿದ್ದಿದ್ದ ಚೀಟಿಯನ್ನು ನಾಲ್ಕಾಗಿ ಮಡಚಿ ಅದರ ಕಾಲಿನಡಿಗೆ ತುರುಕಿದ. ಸ್ಟ್ಯಾಂಡು ಗಟ್ಟಿಯಾಯಿತು. ನಾನು ಅಲುಗಾಡತೊಡಗಿದೆ.

ಭಾಗವತರು ತಾರೆಯ ಪದ್ಯ ಎತ್ತಿದರು. ಎಷ್ಟು ಚೆಂದದ ಪದ್ಯವೆಂದರೆ, ಅದು ಮುಗಿಯದಿರಲಿ ಎಂದು ಪ್ರಾರ್ಥಿಸಿದೆ. ಮುಗಿಯಿತು. ಜಾಗಟೆ ನಿಂತಿತು. ಚಪ್ಪರವಿಡೀ ನನ್ನ ಕಡೆ ತಿರುಗಿತು.

“ಪ್ರಾಣನಾಥಾ,” ಎಂದೆ. ಸ್ವರ ಸರಿಯಾಗಿಯೇ ಬಂತು. ಧೈರ್ಯ ಬಂತು. “ಆಕ್ಚುವಲಿ...”

ಯಕ್ಷಗಾನದ ಮಾತಿನಲ್ಲಿ ಇಂಗ್ಲಿಷ್ ಬರಬಾರದೆಂಬುದು ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಹೆಡ್ಮಾಷ್ಟ್ರು ಹುಬ್ಬು ಕುಣಿಸಿದರು.

“ಪ್ರಿಯೆ, ಕಿಷ್ಕಿಂಧೆಯ ಎಲ್ಲ ಕಪಿಗಳ ಹೆಸರನ್ನೂ ನಾನು ಬಲ್ಲೆ. ಈ ಆಕ್ಚುವಲಿ ಯಾರು? ಸುಗ್ರೀವನ ಕಡೆಯವನೋ?”

ನಗು ಅಡಗುವವರೆಗೆ ಕಾದು, ಸುಗ್ರೀವನ ಬೆನ್ನ ಹಿಂದೆ ಅಯೋಧ್ಯೆಯ ರಾಜಕುಮಾರರಿದ್ದಾರೆ, ಹೋಗಬೇಡ ಎಂದು ಹೇಗೋ ಹೇಳಿ ಮುಗಿಸಿದೆ.

“ಈ ಸುದ್ದಿ ನಿನಗೆ ಹೇಳಿದವರು?”

“ಅಂಗದ.”

“ಅಂಗದನಿಗೆ?”

“ಗೂಢಚಾರರು.”

“ಭಲಾ! ಗೂಢಚಾರರಿಗೆ ಅನ್ನ ಹಾಕುವವ ನಾನು. ಸುದ್ದಿ ಹೋದದ್ದು ಎಳೆಯ ಮಗನಿಗೆ, ಅವನಿಂದ ಅಂತಃಪುರಕ್ಕೆ. ಅರಸನಿಗೆ ಕಟ್ಟಕಡೆಗೆ. ಇದು ಯಾವ ರಾಜ್ಯಪದ್ಧತಿ ತಾರೆ?”

ಕೋಷ್ಟಕದಲ್ಲಿ ಈ ಪ್ರಶ್ನೆ ಇರಲಿಲ್ಲ. ನಾನು ಮೈಕಿನ ಸ್ಟ್ಯಾಂಡಿನ ಕಾಲನ್ನೇ ನೋಡಿದೆ. ಹೆಡ್ಮಾಷ್ಟ್ರಿಗೆ ಕನಿಕರ ಬಂದಿರಬೇಕು, ಸುಲಭದ್ದೊಂದು ಕೇಳಿ ಎಬ್ಬಿಸೋಣವೆಂದುಕೊಂಡರು.

“ಹೋಗಲಿ. ಇಷ್ಟೆಲ್ಲ ಬುದ್ಧಿ ಹೇಳುವ ನೀನು ಯಾರ ಮನೆಯಲ್ಲಿ ಬೆಳೆದವಳು? ಸಭೆಗೆ ತಿಳಿಯಲಿ, ನಿನ್ನ ತಂದೆಯ ಹೆಸರು ಹೇಳು.”

ಹಳದಿ ಬಣ್ಣ ಕಣ್ಣ ಮುಂದೆ ಬಂತು. ಅಕ್ಷರ ಬರಲಿಲ್ಲ. ತಂದೆಯ ಹೆಸರು ಕೇಳಿದರೆ ಶಾಲೆಗೆ ಸೇರಿದ ದಿನದಿಂದ ಬಾಯಿಗೆ ಬರುವುದು ಒಂದೇ ಉತ್ತರ. ಅದೇ ಬಂತು: ಹೆಸರು, ಹಿಂದೆ ಮನೆತನ, ಮುಂದೆ ‘ಪೋಸ್ಟ್ ಮಾಸ್ಟರ್’ ಸಹಿತ.

ಮಳೆಯ ಸದ್ದು ಮೀರಿ ಚಪ್ಪರ ನಕ್ಕಿತು. ಮದ್ದಳೆಯವರು ಮದ್ದಳೆಯ ಮೇಲೆ ಬೋರಲಾದರು. ಸುಗ್ರೀವನಾಗಿದ್ದ ದೊಡ್ಡಪ್ಪನ ಮಗ, ರಕ್ತಸಂಬಂಧ ಲೆಕ್ಕಿಸದೆ, ಶಾಲಿನಲ್ಲಿ ಮುಖ ಮುಚ್ಚಿಕೊಂಡ. ಹೆಡ್ಮಾಷ್ಟ್ರು ಮಾತ್ರ ನಗಲಿಲ್ಲ. ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿದರು.

“ಹಾಗೆ ಹೇಳು! ಅಂಚೆಯವನ ಮಗಳೋ ನೀನು? ಮತ್ತೆ ಸುದ್ದಿ ಅರಸನಿಗಿಂತ ಮೊದಲು ನಿನಗೆ ಮುಟ್ಟಿದ್ದರಲ್ಲಿ ಆಶ್ಚರ್ಯವೇನು? ನಿನ್ನ ತಂದೆಯನ್ನು ನಾನು ಬಲ್ಲೆ. ಎಷ್ಟೋ ಮಳೆಗಾಲ ನನ್ನ ಇದಿರು ಕುಳಿತವನು. ಒಂದು ದಿನ ಗೆಲ್ಲಲು ಬಿಟ್ಟವನಲ್ಲ. ಪ್ರಶ್ನೆ ಕೇಳಿ ಚೆಂಬು ಎತ್ತುತ್ತಿದ್ದ. ಆ ಚೆಂಬಿನ ನೀರು ಮುಗಿಯಲಿ ಎಂದು ನಾನು ಕಾದದ್ದೆಷ್ಟು! ಅರ್ಧದಲ್ಲಿ ಎದ್ದು ಹೋದನಲ್ಲ. ಯಾರಲ್ಲಿ ಕೇಳಿ ಹೋದ? ಅವನು ಹೋದ ಊರಿಗೆ ಕಾಗದ ಹಾಕುವುದಾದರೆ ಪಿನ್ ಕೋಡ್ ಯಾವುದು?”

ಇಂಗ್ಲಿಷ್ ಮಾತಾಡಿದರೆಂದು ಯಾರೂ ಆಕ್ಷೇಪ ಎತ್ತಲಿಲ್ಲ. ಮಾತು ಉದ್ದವಾದರೆ ಜಾಗಟೆ ಬಡಿದು ಮುಂದಿನ ಪದ್ಯಕ್ಕೆ ಹಾರುವ ಭಾಗವತರು ಕೋಲು ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ತಾರೆಯಾದ ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ವಾಲಿ ಕಣ್ಣೊರೆಸಿ, ಎದೆ ತಟ್ಟಿ, ನನ್ನನ್ನು ಬದಿಗೆ ಸರಿಸಿ ಯುದ್ಧಕ್ಕೆ ಹೋದ.

ಅಲ್ಲಿಗೆ ನನ್ನ ಮೂರು ಪದ್ಯ ಮುಗಿಯಿತೆಂದು ಶಾಲು ಕಳಚಿಟ್ಟು ಸೀದಾ ಹಿತ್ತಿಲ ಅಡುಗೆ ಚಪ್ಪರಕ್ಕೆ ಹೋದೆ. ಸೋತ ಮನುಷ್ಯನಿಗೆ ಪಾಯಸದ ಉಸ್ತುವಾರಿ ಒಳ್ಳೆಯ ಆಸರೆ. ಒದ್ದೆ ಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಬಿಡಲಾಗದೆ ಸೌಟು ಹಾಕಿ ತಿರುವುತ್ತಾ ನಿಂತೆ. ಮೈಕಿನಲ್ಲಿ ವಾಲಿ ಬಿದ್ದ, ರಾಮ ವಾದ ಮಂಡಿಸಿದ. ವಕೀಲರು ಎರಡು ಕಡೆ ‘ಮಾನ್ಯರೇ’ ಎಂದದ್ದು ಬಿಟ್ಟರೆ ಒಳ್ಳೆಯ ವಾದವೇ. ಆಮೇಲೆ ಭಾಗವತರು ತುಂಬ ಕರುಣೆಯ ಒಂದು ಪದ್ಯ ಹಾಡಿದರು. ಮತ್ತೊಮ್ಮೆ ಹಾಡಿದರು. ಮೂರನೇ ಸಲವೂ ಅದನ್ನೇ ಎತ್ತಿದಾಗ ನಾನು, “ಎಷ್ಟು ಚೆಂದ ಹಾಡ್ತಾ ಇದ್ದಾರೆ, ಅಲ್ವಾ?” ಎಂದು ಅಡುಗೆಯವರಿಗೆ ಹೇಳಿದೆ.

“ಹೌದು ಮಾರಾಯ್ರೆ,” ಅಂದರು ಅವರು. “ಆದರೆ ಅದು ನಿಮ್ಮದೇ ಪದ್ಯ ಅಲ್ಲವಾ?”

ಗಂಡ ಸತ್ತರೆ ಹೆಂಡತಿ ಅಳಬೇಕೆಂಬುದು ಅಧ್ಯಕ್ಷರ ಲೆಕ್ಕದಲ್ಲೂ ಬಂದಿರಲಿಲ್ಲ, ನನ್ನ ಕೋಷ್ಟಕದಲ್ಲೂ ಬಂದಿರಲಿಲ್ಲ. ಓಡಿದೆ. ಚಪ್ಪಲಿಗಳ ರಾಶಿಗೆ ಎಡವಿ, ಮುಂದಿನ ಸಾಲಿನ ಯಾರದೋ ಮೊಣಕಾಲು ಹಿಡಿದು ಎದ್ದು, ಬನಿಯನ್ನಿನಲ್ಲೇ ಹೋಗಿ ವಾಲಿಯ ಪಕ್ಕ ಕೂತೆ. ಹೆಡ್ಮಾಷ್ಟ್ರು ಕುರ್ಚಿಯಲ್ಲಿ ತಲೆ ವಾಲಿಸಿ, ಕಣ್ಣು ಮುಚ್ಚಿ ಪ್ರಾಣ ಬಿಡುತ್ತಿದ್ದರು. “ಬೇಗ ಹೇಳು, ಕುತ್ತಿಗೆ ನೋಯ್ತದೆ” ಎಂದು ಪಿಸುಗುಟ್ಟಿದರು.

ಹೊಗೆ ತಿಂದ ಕಣ್ಣು, ಎಷ್ಟು ಒರೆಸಿದರೂ ನೀರು ಇಳಿಯುತ್ತಿತ್ತು. ಅಪ್ಪ ಹೋದಾಗ ಮರಣ ಪ್ರಮಾಣಪತ್ರ, ಅದರ ಹತ್ತು ಜೆರಾಕ್ಸು, ಬ್ಯಾಂಕು, ತಹಶೀಲ್ದಾರರ ಕಚೇರಿ ಎಂದು ತಿರುಗಿದ್ದರಲ್ಲಿ ಈ ಕೆಲಸ ಬಾಕಿ ಉಳಿದಿತ್ತೋ ಏನೋ. ಬಾಯಿ ತೆರೆದರೆ ಕಪಿಕುಲಾವತಂಸ ಬರಲಿಲ್ಲ, ಪ್ರಾಣನಾಥ ಬರಲಿಲ್ಲ.

“ಹೋಗ್ಬೇಡಿ ಅಂತ ಹೇಳಿದ್ದೆ,” ಎಂದೆ.

ಮುಂದೆ ಮಾತು ಸಿಕ್ಕಲಿಲ್ಲ. ಚಪ್ಪರದಲ್ಲಿ ಮಳೆಯದ್ದೊಂದೇ ಸದ್ದು. ಆಗ ಹೆಂಗಸರು ಕೂತ ಕಡೆಯಿಂದ ಅಮ್ಮನ ಸ್ವರ, ಅಡುಗೆಮನೆಯಿಂದ ಮಾತಾಡುವಷ್ಟೇ ಸಹಜವಾಗಿ ಬಂತು.

“ಕೊಡೆ ತೆಗೊಂಡು ಹೋಗಿ ಅಂತಲೂ ಹೇಳಿದ್ದೆ.”

ಸತ್ತ ವಾಲಿ ಒಂದು ಕಣ್ಣು ತೆರೆದ. ಕೆಲವರು ನಕ್ಕರು. ಕೆಲವರು ಮೂಗು ಒರೆಸಿಕೊಂಡರು. ಕೆಲವರಿಗೆ ಎರಡೂ ಒಟ್ಟಿಗೆ ಆಗಿ ಕೆಮ್ಮು ಬಂತು. ಭಾಗವತರು ಇನ್ನು ಈ ಮನೆಯವರನ್ನು ಹೀಗೇ ಬಿಟ್ಟರೆ ಕೆಲಸ ಕೆಡುತ್ತದೆಂದು ಜಾಗಟೆ ಬಾರಿಸಿ ಮಂಗಳಕ್ಕೆ ಇಳಿದರು. ಸುಗ್ರೀವನಿಗೆ ಪಟ್ಟವೂ ಆಗಲಿಲ್ಲ. ಪಾಪ, ಅವನು ಅದಕ್ಕೆಂದು ಒಂದು ಭಾಷಣ ತಯಾರು ಮಾಡಿಕೊಂಡು ಬಂದಿದ್ದ.

ಊಟದ ಹೊತ್ತಿಗೆ ವಿಮರ್ಶೆ ಬಂತು. “ಶೋಕ ಪರವಾಗಿಲ್ಲ,” ಅಂದರು ಅಧ್ಯಕ್ಷರು, ಪಾಯಸ ಹಾಕಿಸಿಕೊಳ್ಳುತ್ತಾ. “ಸೌಟು ಯಾಕೆ ಹಿಡಿದದ್ದು ಅಂತ ಗೊತ್ತಾಗಲಿಲ್ಲ.” ನಾನು ಬಲಗೈ ನೋಡಿಕೊಂಡೆ. ಹಿಡಿದೇ ಇದ್ದೆ.

ಎಲ್ಲರೂ ಹೊರಟ ಮೇಲೆ ಹೆಡ್ಮಾಷ್ಟ್ರು ಜಗಲಿಯಲ್ಲಿ, ಅಪ್ಪನ ಹಳೆಯ ಮೇಜಿನ ಎದುರು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನನ್ನು ಹತ್ತಿರ ಕರೆದರು.

“ನಿನ್ನಪ್ಪನ ಆ ವಿಳಾಸದ ಪ್ರಶ್ನೆ ಉಂಟಲ್ಲ, ಅದಕ್ಕೆ ಉತ್ತರ ಸಿಕ್ಕಿತು ಮಾರಾಯ. ಕಳೆದ ವರ್ಷ, ಅವರ ಉತ್ತರಕ್ರಿಯೆಯ ಊಟ ಮುಗಿಸಿ ಬಸ್ಸಲ್ಲಿ ಹೋಗುವಾಗ ಹೊಳೆದದ್ದು. ರಾಮಬಾಣ ಕೆಲಸ ಮುಗಿಸಿ ತಾನಾಗಿಯೇ ಬತ್ತಳಿಕೆಗೆ ಮರಳುತ್ತದೆ. ಅದಕ್ಕೆ ವಿಳಾಸವೇ ಬೇಡ! ಎಷ್ಟು ಸುಲಭ ನೋಡು. ಹೊಳೆದ ಕೂಡಲೇ ಬಸ್ಸಿಳಿದು ವಾಪಸ್ ಬರುವ ಅಂತ ಎದ್ದು ನಿಂತೆ. ಆಮೇಲೆ ಯಾರಿಗೆ ಹೇಳುವುದು ಅಂತ ಕೂತೆ.”

ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.

“ಬರುವ ವರ್ಷ ನೀನು ರಾಮ ಮಾಡು. ನಾನು ವಾಲಿಯಾಗಿ ಅವರದ್ದೇ ಪ್ರಶ್ನೆ ಕೇಳ್ತೇನೆ, ನೀನು ನನ್ನ ಉತ್ತರ ಹೇಳು. ನಿನಗೆ ಆ ಪಾತ್ರವೇ ಸರಿ. ಮೊದಲರ್ಧ ಇಡೀ ಮರದ ಮರೆಯಲ್ಲಿ ನಿಂತರೆ ಸಾಕು, ಬಾಯಿ ಬಿಡಬೇಕಾಗಿಲ್ಲ.” ಅಪ್ಪನ ಮೇಜಿನ ಮೇಲಿದ್ದ ಚೆಂಬನ್ನು ಹತ್ತಿರಕ್ಕೆ ಎಳೆದುಕೊಂಡರು. “ಈಗಲೇ ಒಮ್ಮೆ ನೋಡಿಬಿಡುವ. ರಾಮಾ! ಬಾಣದಲ್ಲಿ ಹೆಸರುಂಟು, ವಿಳಾಸವಿಲ್ಲ. ಇದನ್ನು ಎಲ್ಲಿಗೆ ಹಿಂದಿರುಗಿಸಲಿ?”

ಚೆಂಬು ಎತ್ತಿದರು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ, ಗಂಟಲು ಸರಿಮಾಡಿಕೊಂಡೆ.

“ವಾನರೇಂದ್ರಾ, ಬೇಸಿಕಲಿ...”

ಹೆಡ್ಮಾಷ್ಟ್ರು ಚೆಂಬು ಕೆಳಗಿಟ್ಟು, ಚಪ್ಪಲಿ ಹುಡುಕತೊಡಗಿದರು.